ಕನ್ನಡ ಸಂಶೋಧನಾ ಲೇಖನಕ್ಕೆ ಜೊಟೆರೊ ಎಷ್ಟು ಒದಗುತ್ತದೆ?

ವಿಶ್ವೇಶ್ವರಯ್ಯ ನಾಲೆ ಬಂದ ಮೇಲೆ ಮಂಡ್ಯ ಸೀಮೆಯ ಬೇಸಾಯದಲ್ಲಾದ ಬದಲಾವಣೆಯನ್ನು ಕುರಿತ ಸಂಶೋಧನಾ ಲೇಖನವೊಂದಕ್ಕೆ, ಆಕರಗಳನ್ನು ಸಂಗ್ರಹಿಸಿ ಗ್ರಂಥಸೂಚಿ ಸಿದ್ಧಪಡಿಸುವ ಜೊಟೆರೊ ತಂತ್ರಾಂಶವನ್ನು ಆರಂಭದಿಂದ ಕೊನೆಯವರೆಗೂ ಬಳಸಿದೆ. ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾನಿಲಯದಲ್ಲಿ ರೂಪುಗೊಂಡು 2006ರಲ್ಲಿ ಹೊರಬಂದ ಈ ತಂತ್ರಾಂಶ ಉಚಿತವಾಗಿ ದೊರೆಯುತ್ತದೆ. ಮಾನಸಗಂಗೋತ್ರಿಯಲ್ಲಿ ನಾನು ಕಂಡ ಸಂಶೋಧನಾ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಇದನ್ನು ಲೇಖನ ಮುಗಿದ ಬಳಿಕ ಗ್ರಂಥಸೂಚಿ ಜೋಡಿಸಿಕೊಡುವ ಸಾಧನವೆಂದೇ ತಿಳಿದಿದ್ದಾರೆ. ಆದರೆ ಅದರ ಹೆಚ್ಚಿನ ಪ್ರಯೋಜನ ಸಿಗುವುದು ಮೊದಲ ವಾಕ್ಯ ಬರೆಯುವುದಕ್ಕೂ ಮುಂಚೆ. ಕನ್ನಡದ ಗ್ರಂಥಸೂಚಿಯ ಮಟ್ಟಿಗೆ ಅದು ಅರ್ಧ ಕೆಲಸವನ್ನಷ್ಟೇ ಮಾಡುತ್ತದೆ.

ಲೇಖನದ ಪ್ರತಿ ಭಾಗಕ್ಕೂ ಒಂದೊಂದು ಸಂಗ್ರಹ ತೆರೆದು, ಓದಿದ್ದನ್ನೆಲ್ಲ ಆಯಾ ಸಂಗ್ರಹಕ್ಕೆ ಸೇರಿಸುತ್ತ ಹೋದೆ: ಕಟ್ಟೆಗೆ ಮುಂಚಿನ ರಾಗಿ ಬೇಸಾಯ, 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯ ಕಾಮಗಾರಿ, 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿ ಸ್ಥಾಪನೆಯಾದ ನಂತರದ ಕಬ್ಬು. ಒಂದೇ ಪುಸ್ತಕವನ್ನು ಎರಡು ಮೂರು ಸಂಗ್ರಹಗಳಲ್ಲಿ ಇರಿಸಿದರೂ ನಕಲುಗಳು ಹುಟ್ಟಿಕೊಳ್ಳುವುದಿಲ್ಲ. ಕಬ್ಬಿನ ಸಂಗ್ರಹ ತುಂಬಿ ತುಳುಕುತ್ತಿದ್ದು ರಾಗಿಯದರಲ್ಲಿ ಬೆರಳೆಣಿಕೆಯ ಆಕರಗಳಷ್ಟೇ ಕಾಣಿಸಿದಾಗ, ಯಾವ ಭಾಗ ಟೊಳ್ಳಾಗಿದೆ ಎಂಬುದು ಕರಡಿಗೆ ಕೈಹಾಕುವ ಮೊದಲೇ ತಿಳಿದು, ಲೇಖನದ ಪ್ರಶ್ನೆಯನ್ನೇ 1933ರಿಂದೀಚೆಗೆ ಸೀಮಿತಗೊಳಿಸಲು ಸಾಧ್ಯವಾಯಿತು. ಇದನ್ನೇ ಮಾರ್ಗದರ್ಶಕರು ಬಾಯಿಮಾತಿನಲ್ಲಿ ಹೇಳಿದ್ದರೆ ನಾನು ಬಹುಶಃ ವಾದಕ್ಕಿಳಿಯುತ್ತಿದ್ದೆ.

ಪಿಡಿಎಫ್ ಅನ್ನು ತಂತ್ರಾಂಶದೊಳಗೇ ತೆರೆದು ಬಣ್ಣ ಹಚ್ಚಿದ ಸಾಲುಗಳೆಲ್ಲ ಒಂದೇ ಆಜ್ಞೆಗೆ, ಉದ್ಧರಣ ಚಿಹ್ನೆ ಮತ್ತು ಪುಟಸಂಖ್ಯೆಯೊಂದಿಗೆ, ಟಿಪ್ಪಣಿಯಾಗಿ ಕೂಡಿಕೊಳ್ಳುತ್ತವೆ. ಇತರರ ಬರಹದೊಂದಿಗಿನ ಹೋಲಿಕೆ ಶೇ. 10 ಮೀರಿದರೆ ಕ್ರಮಕ್ಕೆ ಅವಕಾಶವಿರುವ, ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ (ಯುಜಿಸಿ) 2018ರ ಕೃತಿಚೌರ್ಯ ನಿಯಮಾವಳಿಯ ಕಾಲದಲ್ಲಿ, ಯಾವುದು ಇತರರ ಮಾತು, ಯಾವುದು ತನ್ನದು ಎಂಬುದು ಟಿಪ್ಪಣಿಯ ಹಂತದಲ್ಲೇ ಬೇರ್ಪಡುವುದು ದೊಡ್ಡ ಅನುಕೂಲ. ಸ್ಕ್ಯಾನ್ ಮಾಡಿದ ಹಳೆಯ ಮೈಸೂರು ಸಂಸ್ಥಾನದ ವರದಿಗಳಿಗೆ ಮಾತ್ರ ಇದು ಅನ್ವಯಿಸದು. ಅಕ್ಷರಗಳನ್ನು ಆರಿಸಲಾಗದ, ಬರಿಯ ಚಿತ್ರವಾಗಿರುವ ಇಂತಹ ಪುಟದಲ್ಲಿ ಬೇಕಾದ ಭಾಗದ ಸುತ್ತ ಚೌಕ ಎಳೆದು ಚಿತ್ರವಾಗಿ ಉಳಿಸಿಕೊಂಡು, ಪಠ್ಯವನ್ನು ಕೈಯಾರೆ ಬೆರಳಚ್ಚಿಸಬೇಕು.

ಜೊಟೆರೊದ ಸರ್ವರ್‌ನಲ್ಲಿ ಉಚಿತವಾಗಿ ಸಿಗುವ 300 ಎಂಬಿ ಜಾಗ ಇಂತಹ ಸ್ಕ್ಯಾನ್‌ಗಳಿಗೆ ಏನೇನೂ ಸಾಲದು. ಆದರೆ ಟಿಪ್ಪಣಿಗಳೂ ಪುಸ್ತಕ ವಿವರಗಳೂ ಆ ಲೆಕ್ಕಕ್ಕೆ ಸೇರದ ಕಾರಣ, ಪಿಡಿಎಫ್‌ಗಳನ್ನು ಪ್ರತ್ಯೇಕ ಡಿಸ್ಕ್‌ನಲ್ಲಿಟ್ಟು ಟಿಪ್ಪಣಿಗಳನ್ನಷ್ಟೇ ಸರ್ವರ್‌ಗೆ ಕಳುಹಿಸಿದರೆ ಹಣ ತೆರಬೇಕಾಗಿಲ್ಲ. ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರು ಸಂಸ್ಕರಿಸಿಟ್ಟಿದ್ದ ಕ್ಷೇತ್ರಕಾರ್ಯದ ಟಿಪ್ಪಣಿಗಳ ಮೂರೂ ಪ್ರತಿಗಳು 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿಗೆ ಆಹುತಿಯಾದದ್ದನ್ನು ಬಲ್ಲವರಿಗೆ ಈ ಸೌಲಭ್ಯದ ಬೆಲೆಯನ್ನು ಬಿಡಿಸಿ ಹೇಳಬೇಕಿಲ್ಲ.

ಕನ್ನಡದ ತೊಡಕುಗಳು ಆರಂಭವಾಗುವುದು ಇನ್ನು ಮುಂದೆ. ವಿಶ್ವವಿದ್ಯಾನಿಲಯದ ಸುತ್ತಮುತ್ತಲಿನ ಡಿಟಿಪಿ ಅಂಗಡಿಗಳಿಂದ ಬರುವ, ‘ನುಡಿ’ ತಂತ್ರಾಂಶದ ಹಳೆಯ ಫಾಂಟ್‌ಗಳ ಪಠ್ಯವನ್ನು ಯೂನಿಕೋಡ್‌ಗೆ ಪರಿವರ್ತಿಸದೆ ಅಂಟಿಸಿದರೆ ಪುಸ್ತಕದ ಶೀರ್ಷಿಕೆಯ ಜಾಗದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣಿಸುತ್ತವೆ. ಐಎಸ್‌ಬಿಎನ್ ಎಂಬ ಗುರುತುಸಂಖ್ಯೆ ಇಲ್ಲದ ಹಳೆಯ ಕನ್ನಡ ಪುಸ್ತಕಗಳ ವಿವರವನ್ನು ನಾವೇ ತುಂಬಬೇಕು. ಲೇಖಕರ ಹೆಸರಿಗೆ ಉಪನಾಮ, ಮೊದಲ ಹೆಸರು ಎಂಬ ಎರಡು ಖಾನೆಗಳಿದ್ದು, ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳನ್ನು ಮುಂದಿಟ್ಟುಕೊಳ್ಳುವ ನಮ್ಮವರ ಹೆಸರುಗಳು ಅಲ್ಲಿ ಹಿಂದುಮುಂದಾಗುತ್ತವೆ. ಪಕ್ಕದ ಗುಂಡಿ ಒತ್ತಿ ಎರಡನ್ನೂ ಒಂದೇ ಖಾನೆಯಾಗಿಸಿದರೆ ಬರೆದಂತೆಯೇ ಮುದ್ರಣವಾಗುತ್ತದೆ. ಎಪಿಎ ಎಂಬ ಉಲ್ಲೇಖ ಶೈಲಿಯನ್ನು ಇಂಗ್ಲಿಷ್‌ನಲ್ಲಿ ಆರಿಸಿದಾಗ ಸಂಪಾದಕ, ಸಂಪುಟ ಮುಂತಾದವುಗಳ ಇಂಗ್ಲಿಷ್ ಸಂಕ್ಷೇಪಗಳು ಕನ್ನಡ ಗ್ರಂಥಸೂಚಿಯ ನಡುವೆ ನುಸುಳುವುದರಿಂದ, ಅವನ್ನು ಕೊನೆಯಲ್ಲಿ ಕೈಯಾರೆ ತಿದ್ದದೆ ಗತ್ಯಂತರವಿಲ್ಲ. ಹಾಗೆ ತಿದ್ದುವ ಮುನ್ನ ವರ್ಡ್ ಕಡತದ ಇನ್ನೊಂದು ಪ್ರತಿ ಮಾಡಿಟ್ಟುಕೊಂಡು, ಆ ಪ್ರತಿಯಲ್ಲಿ ಜೊಟೆರೊದ ಕೊಂಡಿಗಳನ್ನು ಕಳಚುವ ಆಜ್ಞೆ ಕೊಡಬೇಕು; ಇಲ್ಲವಾದರೆ ಮುಂದಿನ ಸಲ ಪಟ್ಟಿ ನವೀಕರಣಗೊಂಡೊಡನೆ ತಿದ್ದಿದ್ದೆಲ್ಲ ಅಳಿಸಿಹೋಗುತ್ತದೆ.