ಹಿಂದಿನ ಬಾಗಿಲು ತೆರೆಯದ ಕಾರು: ಕರಾವಳಿಯಲ್ಲಿ ಬಳಸಿದವರ ಮಾತು

ಕಾರು ಚಿಕ್ಕ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಇರುವುದು ಕುಮಟಾದಲ್ಲಿ. ಎಂಜಿನ್ ಬಗ್ಗೆ ತಕರಾರಿಲ್ಲ. ಶಿರಸಿಗೆ ಹೋಗುವಾಗ ದೇವಿಮನೆ ಘಟ್ಟವನ್ನು ನಾಲ್ಕು ಜನ ಕೂತರೂ ಏದುಸಿರಿಲ್ಲದೆ ಹತ್ತುತ್ತದೆ. ಏಸಿ ಚೆನ್ನಾಗಿದೆ, ಸಸ್ಪೆನ್ಶನ್ ತುಸು ಗಡಸು. ಬೇಜಾರು ತರಿಸಿದ್ದು ಹಿಂದಿನ ಎಡಗಡೆ ಬಾಗಿಲು.

ಮಳೆಗಾಲ ಮುಗಿಯುವ ಹೊತ್ತಿಗೆ ಬಿಗಿಯಾಗತೊಡಗಿತ್ತು. ಆಮೇಲೊಂದು ದಿನ ಒಳಗಿಂದಲೂ ಇಲ್ಲ, ಹೊರಗಿಂದಲೂ ಇಲ್ಲ. ಮೊಣಕಾಲು ನೋವಿನ ಆಯಿ ಬಲಗಡೆಯಿಂದ ಹತ್ತಿ, ಸೀರೆ ಸಿಕ್ಕಿಸಿಕೊಳ್ಳದ ಹಾಗೆ ಸೀಟಿನ ಮೇಲೆ ಸರಿಯುತ್ತ ಎಡತುದಿ ಮುಟ್ಟಬೇಕು. "ತಮಾ, ಇದಕ್ಕಿಂತ ಬಸ್ಸೇ ಅಡ್ಡಿಲ್ಲೆ" ಅಂದಳು.

ಸರ್ವಿಸ್ ಸೆಂಟರಿನವರು ಹೊರಗಿಂದ ಎರಡು ಸಲ ಜಗ್ಗಿ ನೋಡಿ, ಲಾಕ್ ಸೆಟ್ಟೇ ಬದಲಿಸಬೇಕು, ಬಾಗಿಲು ಮುಚ್ಚಿದ್ದಾಗಲೇ ಬಿಚ್ಚುವುದರಿಂದ ಒಳಗಿನ ಪ್ಯಾಡ್ ಮುರಿದರೆ ಅದರ ದುಡ್ಡೂ ನಿಮ್ಮದೇ ಅಂದರು. ಯಾಕೆ ಹಾಳಾಯಿತು ಎಂದು ನೋಡುವ ಗೋಜಿಗೇ ಹೋಗಲಿಲ್ಲ.

ನೋಡುವುದೇನೂ ಕಷ್ಟವಲ್ಲ. ಒಳಗಿಂದ ಮಾತ್ರ ತೆರೆಯದಿದ್ದರೆ ಹೆಚ್ಚಾಗಿ ಚೈಲ್ಡ್ ಲಾಕ್, ಅಂದರೆ ಮಕ್ಕಳು ಒಳಗಿಂದ ತೆರೆಯದಂತೆ ಇಟ್ಟ ಬೀಗ. ಬಾಗಿಲ ಅಂಚಿನ ಪುಟ್ಟ ಕಡ್ಡಿ ಸರಿಸಿದರೆ ಮುಗಿಯಿತು. ಹೊರಗಿಂದ ಮಾತ್ರ ತೆರೆಯದಿದ್ದರೆ ಹಿಡಿಕೆಯ ಸರಳೋ ಕ್ಲಿಪ್ಪೋ ಕಳಚಿರುತ್ತದೆ. ಎರಡೂ ಕಡೆ ಇಲ್ಲವೆಂದಾದರೆ ಬಾಗಿಲಿಗೆ ಕಿವಿಯಿಟ್ಟು ರಿಮೋಟ್ ಒತ್ತಿ. ಆ ಒಂದೇ ಬಾಗಿಲಲ್ಲಿ ಸದ್ದಿಲ್ಲದಿದ್ದರೆ ಲಾಕಿನ ಮೋಟಾರು ಸತ್ತಿರಬಹುದು, ಇಲ್ಲವೇ ಬಾಗಿಲು ತೂಗುವ ಕಾರಿನ ಕಂಬಕ್ಕೂ ಬಾಗಿಲಿಗೂ ನಡುವಿನ ರಬ್ಬರ್ ಕೊಳವೆಯೊಳಗೆ ವೈರ್ ತುಂಡಾಗಿರಬಹುದು. ಉಳಿದ ಬಾಗಿಲು ಕೆಲಸ ಮಾಡುತ್ತಿದ್ದರೆ ಫ್ಯೂಸಿನ ಮೇಲೆ ಅನುಮಾನ ಬೇಡ. ನಮ್ಮದರಲ್ಲಿ "ಟಕ್" ಎಂದು ಗಟ್ಟಿಯಾಗಿ ಕೇಳುತ್ತಿತ್ತು. ಅಂದರೆ ಕರೆಂಟು ಸರಿ, ಬಾಗಿಲನ್ನು ಮುಚ್ಚಿ ಹಿಡಿಯುವ ಲಾಕಿನ ಕೊಕ್ಕೆ ಕಚ್ಚಿಕೊಂಡಿದೆ.

ಊರಿನ ಮೆಕ್ಯಾನಿಕ್ ಏನನ್ನೂ ಮುರಿಯಲಿಲ್ಲ. "ರಾಯ್ರೆ, ನೀವು ಒಳಗೆ ಕೂತು ಹಿಡಿಕೆ ಎಳೆದೇ ಹಿಡ್ಕಳಿ" ಅಂದ. ತಾನು ಹೊರಗಿಂದ ಸೊಂಟ ಕೊಟ್ಟು ಬಾಗಿಲನ್ನು ಒಳಕ್ಕೆ ಒತ್ತುತ್ತ, ರಿಮೋಟಿನಲ್ಲಿ ಲಾಕ್-ಅನ್‌ಲಾಕ್ ಮಾಡುತ್ತ ಹೋದ. ಕೊಕ್ಕೆಯ ಮೇಲಿನ ಬಿಗಿತ ಸಡಿಲಾದ ಒಂದು ಗಳಿಗೆಯಲ್ಲಿ ಬಾಗಿಲು ಬಿಟ್ಟುಕೊಂಡಿತು.

ಒಳಗೆ ನೋಡಿದರೆ ಹಳೇ ಗ್ರೀಸು ಕೆಂಪು ಧೂಳು ಕುಡಿದು ಗಟ್ಟಿ ಮೇಣವಾಗಿದೆ, ಅಂಚಿಗೆ ತುಕ್ಕು. ಬಾಗಿಲ ತಳದ ನೀರಿಳಿಯುವ ತೂತುಗಳಲ್ಲೂ ಅದೇ ಕೆಸರು, ಕಡ್ಡಿ ಹಾಕಿದ ಕೂಡಲೇ ಕಂದು ನೀರು ಸುರಿಯಿತು. ಬ್ರಷ್ಷಿನಲ್ಲಿ ತಿಕ್ಕಿ, ಒರೆಸಿ, ಬಿಳಿ ಲಿಥಿಯಂ ಗ್ರೀಸ್ ಹಚ್ಚಿದ. ತುಕ್ಕು ಬಿಡಿಸುವ ಸ್ಪ್ರೇ ಮಾತ್ರ ಹೊಡೆದು ಬಿಟ್ಟರೆ ಕೆಲವೇ ದಿನದಲ್ಲಿ ಒಣಗಿ ಮತ್ತೆ ಅದೇ ಕತೆ. ಬಾಗಿಲು ಮುಚ್ಚುವ ಮೊದಲು ಅವನು ಮಾಡಿದ್ದು ನನಗೆ ಬಹಳ ಹಿಡಿಸಿತು: ತೆರೆದಿದ್ದಾಗಲೇ ಸ್ಕ್ರೂಡ್ರೈವರಿನಿಂದ ಕೊಕ್ಕೆಯನ್ನು ಮುಚ್ಚಿದಂತೆ ತಿರುಗಿಸಿ, ಒಳಗಿನ ಹೊರಗಿನ ಎರಡೂ ಹಿಡಿಕೆ ಎಳೆದು ಬಿಡುತ್ತದೆಯೇ ಎಂದು ನೋಡಿದ. ಇದನ್ನು ಬಿಟ್ಟು ಧಡಾರನೆ ಮುಚ್ಚಿದರೆ ಮತ್ತೆ ಸಿಕ್ಕಿಬೀಳಬಹುದು.

ಈಗ ಜೂನ್‌ಗೆ ಮೊದಲೊಮ್ಮೆ, ಮಳೆ ನಿಂತ ಮೇಲೊಮ್ಮೆ ನಾಲ್ಕೂ ಬಾಗಿಲಿಗೆ ಗ್ರೀಸ್. ಮತ್ತೆ ತೊಂದರೆ ಬಂದಿಲ್ಲ. ಆದರೂ ಐದಕ್ಕೆ ಮೂರೂವರೆ ಅಷ್ಟೇ ಕೊಡುತ್ತೇನೆ. ಉಪ್ಪುಗಾಳಿಯ ಊರುಗಳಲ್ಲಿ ಮಾರುವ ಕಾರಿನ ಸರ್ವಿಸ್ ಪಟ್ಟಿಯಲ್ಲಿ ಬಾಗಿಲ ಕೊಕ್ಕೆಗೊಂದು ಸಾಲು ಇಲ್ಲದಿರುವುದು ಕಂಪನಿಯ ಉದಾಸೀನವೇ. ಈ ಕಡೆ ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಎಂಜಿನ್ ಸದ್ದು ಕೇಳುವಷ್ಟೇ ಗಮನದಿಂದ ಹಿಂದಿನ ಬಾಗಿಲುಗಳನ್ನು ಒಳಗೂ ಹೊರಗೂ ತೆರೆದು ನೋಡಿ, ತಳದ ತೂತಿಗೆ ಒಂದು ಕಡ್ಡಿ ಹಾಕಿ.