ಅಕ್ವೇರಿಯಂ ಮೇಲಿನ ಅಡ್ಡಪಟ್ಟಿ ಒಡೆದರೆ ನೀರು ತುಂಬಿರುವಾಗ ಅಂಟಿಸಲು ಬಿಡಬೇಡಿ

ಮನೆಯಲ್ಲಿ ದೊಡ್ಡ ಫಿಶ್ ಟ್ಯಾಂಕ್ ಇಟ್ಟುಕೊಂಡವರು ದಯವಿಟ್ಟು ಇದನ್ನು ಓದಿ. ಟ್ಯಾಂಕಿನ ಮೇಲೆ ಮುಂದಿನ ಗಾಜಿನಿಂದ ಹಿಂದಿನ ಗಾಜಿಗೆ ಒಂದು ಅಡ್ಡಪಟ್ಟಿ ಹಾಕಿರುತ್ತಾರಲ್ಲ, ಬ್ರೇಸ್ ಅಂತಾರೆ, ಅದು ಬಿರುಕು ಬಿಟ್ಟರೆ ಮೊದಲು ನೀರು ಇಳಿಸಿ. ರಿಪೇರಿ ಮಾತು ಆಮೇಲೆ. "ನೀರು ತೆಗೆಯೋದು ಬೇಡ ಸಾರ್, ಹಾಗೇ ಅಂಟಿಸಿಕೊಡ್ತೀನಿ" ಅಂತ ಯಾರೇ ಹೇಳಿದರೂ ಒಪ್ಪಬೇಡಿ. ನಮ್ಮ ಮನೆಯಲ್ಲಿ ಆದದ್ದು ಇನ್ನೊಬ್ಬರ ಮನೆಯಲ್ಲಿ ಆಗಬಾರದು ಅಂತ ಬರೆಯುತ್ತಿದ್ದೇನೆ.

ನಮ್ಮದು 4 ಅಡಿ ಉದ್ದ, ಒಂದೂವರೆ ಅಡಿ ಅಗಲ, 2 ಅಡಿ ಎತ್ತರದ ಟ್ಯಾಂಕ್. 8 ಎಂಎಂ ಗಾಜು. ಸುಮಾರು 340 ಲೀಟರ್ ಹಿಡಿಯುತ್ತದೆ. ಒಳಗೆ ಒಂದು ಜೋಡಿ ಆಸ್ಕರ್ ಮೀನು, ಕೆಲವು ಸಿಲ್ವರ್ ಡಾಲರ್ ಮೀನು. ಲೈಟಿನ ಕಬ್ಬಿಣದ ಸ್ಟ್ಯಾಂಡನ್ನು ಅಂಗಡಿಯವರು ನೇರವಾಗಿ ಆ ಅಡ್ಡಪಟ್ಟಿಯ ಮೇಲೇ ಕೂರಿಸಿ ಹೋಗಿದ್ದರು. ಒಂದು ಬೆಳಿಗ್ಗೆ ನೋಡಿದರೆ ಪಟ್ಟಿ ಸರಿಯಾಗಿ ಮಧ್ಯಕ್ಕೆ ಸೀಳಿತ್ತು.

ಒಂದು ಹನಿ ನೀರೂ ಸೋರುತ್ತಿರಲಿಲ್ಲ. ಮೀನುಗಳು ಆರಾಮಾಗಿದ್ದವು. ಅಪಾಯ ಇರುವುದು ಇಲ್ಲೇ. ಪಟ್ಟಿ ಹೋದ ತಕ್ಷಣ ಟ್ಯಾಂಕ್ ಒಡೆಯುವುದಿಲ್ಲ, ಹಾಗಾಗಿ ಅದು ಸುಮ್ನೆ ಮುಚ್ಚಳ ಇಡೋಕೆ ಇರುವ ಗಾಜು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನಿಜವಾಗಿ ಅದರ ಕೆಲಸ ಎರಡು ಉದ್ದ ಗಾಜುಗಳು ಹೊರಗೆ ಉಬ್ಬದ ಹಾಗೆ ಹಿಡಿದುಕೊಳ್ಳುವುದು. ನಮ್ಮಷ್ಟು ದೊಡ್ಡ ಟ್ಯಾಂಕು ಪೂರ್ತಿ ತುಂಬಿದರೆ ಮುಂದಿನ ಗಾಜೊಂದರ ಮೇಲೇ ನೀರು ಒಟ್ಟು 225 ಕೆಜಿಯಷ್ಟು ತಳ್ಳುತ್ತಿರುತ್ತದೆ. ಹಿಂದಿನ ಗಾಜಿನ ಮೇಲೂ ಅಷ್ಟೇ. ಹಗಲು ರಾತ್ರಿ, ಬಿಡುವಿಲ್ಲದೆ.

ಕರೆಸಿದ ರಿಪೇರಿಯವರು ಬಂದು ನೋಡಿ, ಇದೇನು ದೊಡ್ಡ ಕೆಲಸವಲ್ಲ ಅಂದರು. ನಾಲ್ಕು ಇಂಚು ನೀರು ಮಾತ್ರ ತೆಗೆದರು. ಒಡೆದ ಎರಡು ತುಂಡುಗಳನ್ನು ಬಟ್ಟೆಯಲ್ಲಿ ಒರೆಸಿ, ಎರಡು ಟ್ಯೂಬ್ ಕಲಸುವ ಎಪಾಕ್ಸಿ ಅಂಟನ್ನು ಹಚ್ಚಿ, ಅಂಚಿಗೆ ಅಂಚು ಕೂಡಿಸಿದರು. ಅದರ ಮೇಲೆ ಒಂದು ಸಣ್ಣ ಗಾಜಿನ ತೇಪೆ. ಗಾಜು ಉಬ್ಬಿದೆಯಾ ಅಂತ ಟೇಪ್ ಹಿಡಿದು ನೋಡಲೇ ಇಲ್ಲ. "ಸಂಜೆಗೆ ನೀರು ತುಂಬಿಸಿಕೊಳ್ಳಿ" ಅಂತ ಹೇಳಿ ದುಡ್ಡು ತೆಗೆದುಕೊಂಡು ಹೋದರು. ಅವರು ಹೋದಮೇಲೆ ನಾನು ಹೊರಗಡೆಯಿಂದ ಅಳೆದೆ. ಎರಡು ತುದಿಗಳಲ್ಲಿ ಅಗಲ ಒಂದೇ ಇತ್ತು. ಮಧ್ಯದಲ್ಲಿ 5 ಎಂಎಂ ಜಾಸ್ತಿ. ಫೋನ್ ಮಾಡಿ ಕೇಳಿದ್ದಕ್ಕೆ, ದೊಡ್ಡ ಟ್ಯಾಂಕುಗಳಲ್ಲಿ ಅಷ್ಟು ಇದ್ದೇ ಇರುತ್ತೆ, ಏನೂ ಆಗಲ್ಲ ಅಂದರು.

ಅಂದರೆ ಉಬ್ಬಿದ ಗಾಜನ್ನು ಉಬ್ಬಿದ ಹಾಗೇ ಇಟ್ಟು ಅಂಟಿಸಿದ್ದರು. ಹಾಗೆ ಅಂಟಿಸಿದ ಪಟ್ಟಿ ಗಾಜನ್ನು ಒಳಕ್ಕೆ ಎಳೆಯುವುದಿಲ್ಲ. ಮೂಲೆಗಳಲ್ಲಿ ಗಾಜುಗಳನ್ನು ಕೂಡಿಸಿರುವ ಸಿಲಿಕಾನ್, ಅಂದರೆ ರಬ್ಬರಿನಂಥ ಅಂಟು, ಅದರ ಮೇಲೆ ಬಿದ್ದ ಎಳೆತವೂ ಹಾಗೇ ಉಳಿಯುತ್ತದೆ. ಸಾಲದ್ದಕ್ಕೆ, ಪ್ರತಿ ಸಲ ನೀರು ಬದಲಿಸುವಾಗ ಗಾಜು ಒಳಗೆ ಬರುತ್ತದೆ, ತುಂಬಿಸಿದಾಗ ಮತ್ತೆ ಹೊರಗೆ ಹೋಗುತ್ತದೆ. ಎಪಾಕ್ಸಿ ಗಟ್ಟಿಯಾದ ಮೇಲೆ ಒಂದಿಷ್ಟೂ ಬಾಗುವುದಿಲ್ಲ. 8 ಎಂಎಂ ದಪ್ಪದ ಅಂಚಿಗೆ ಹಚ್ಚಿದ ಅಂಟು ಆ ಎಳೆದಾಟ ಎಷ್ಟು ಅಂತ ತಡೆದೀತು?

ಮುಂದಿನ ಸಲ ನೀರು ಬದಲಿಸಿದ ರಾತ್ರಿಯೇ ಅದು ಬಿಟ್ಟುಕೊಂಡಿತು. ಟಪ್ ಅಂತ ಒಂದು ಸದ್ದು. ಓಡಿಬಂದು ನೋಡಿದರೆ ತೇಪೆಯ ತುಂಡು ಒಂದು ಬದಿಯಲ್ಲಿ ನೇತಾಡುತ್ತಿತ್ತು. ಎಡಗಡೆ ಮೂಲೆಯಲ್ಲಿ ಮೇಲಿನಿಂದ ಕೆಳಗೆ ಸಿಲಿಕಾನ್ ಗಾಜಿನಿಂದ ಸುಲಿದುಕೊಂಡು ಬರುತ್ತಿತ್ತು. ಹೊಳೆಯುವ ಒಂದು ಬಿಳಿ ಗೆರೆ, ಕಣ್ಣೆದುರೇ ಉದ್ದವಾಗುತ್ತಿತ್ತು. ಅದರ ಹಿಂದೆಯೇ ನೀರು. ಕ್ಯಾಬಿನೆಟ್ ಒಳಗೆ ಎಕ್ಸ್‌ಟೆನ್ಷನ್ ಬೋರ್ಡ್ ಇತ್ತು, ಫಿಲ್ಟರ್, ಹೀಟರ್ ಎಲ್ಲ ಅದಕ್ಕೇ ಹಾಕಿದ್ದು. ಮನೆಯವರು ಮೊದಲು ಮೇನ್ ಆಫ್ ಮಾಡಿದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಇಂಥ ಹೊತ್ತಲ್ಲಿ ಒದ್ದೆ ಕೈಯಲ್ಲಿ ಪ್ಲಗ್ ಕೀಳೋಕೆ ಹೋಗಬೇಡಿ, ಮೇನ್ ಸ್ವಿಚ್ಚೇ ಆಫ್ ಮಾಡಿ.

ಪೈಪ್ ಹಾಕಿ ಬಾಲ್ಕನಿಗೆ ನೀರು ಬಿಟ್ಟೆವು. ಮೀನುಗಳನ್ನು ಟ್ಯಾಂಕಿನದೇ ನೀರಿನ ಜೊತೆ ಡ್ರಮ್ಮಿಗೆ ಹಾಕಿ, ಫಿಲ್ಟರಿನ ಸ್ಪಂಜನ್ನೂ ಒಣಗಲು ಬಿಡದೆ ಅದರೊಳಗೇ ಇಟ್ಟೆವು. ಗಲೀಜನ್ನು ಕರಗಿಸುವ ಬ್ಯಾಕ್ಟೀರಿಯಾ ಇರುವುದು ಆ ಸ್ಪಂಜಿನಲ್ಲಿ. ಆಸ್ಕರ್ ಎರಡೂ ಉಳಿದವು. ಸಿಲ್ವರ್ ಡಾಲರ್ ಮೀನುಗಳು ಗಾಬರಿಗೆ ಡ್ರಮ್ಮಿನ ಗೋಡೆಗೆ ಬಡಿದುಕೊಂಡು ಒಂದೊಂದಾಗಿ ಸತ್ತವು. ಇವತ್ತಿಗೂ ಅದು ನೆನಪಾದರೆ ಹೊಟ್ಟೆ ಉರಿಯುತ್ತದೆ. ಆ ಟ್ಯಾಂಕನ್ನು ಮೊದಲ ದಿನವೇ ಖಾಲಿ ಮಾಡಿಸಿದ್ದರೆ ಅವು ಸಾಯಬೇಕಾಗಿರಲಿಲ್ಲ.

ಆಮೇಲೆ ಸಿಕ್ಕವರು ವಯಸ್ಸಾದ ಒಬ್ಬ ಗಾಜಿನ ಕೆಲಸಗಾರರು. ಅವರು ಮಾಡಿದ ರೀತಿ ನೋಡಿದಮೇಲೆ ಸರಿಯಾದ ಕೆಲಸ ಅಂದರೆ ಏನು ಅಂತ ಗೊತ್ತಾಯಿತು. ಮೂಲೆ ಬಿಟ್ಟುಕೊಂಡಿದ್ದರಿಂದ ಇಡೀ ಟ್ಯಾಂಕ್ ಬಿಚ್ಚಿ ಹೊಸದಾಗಿ ಸಿಲಿಕಾನ್ ಹಾಕಬೇಕಾಯಿತು. ಹಳೆ ಸಿಲಿಕಾನ್ ಮೇಲೆ ಹೊಸದು ಸರಿಯಾಗಿ ಕಚ್ಚುವುದಿಲ್ಲ. ಬ್ಲೇಡಿನಲ್ಲಿ ಕೆರೆದು ಗಾಜು ಪೂರಾ ಕ್ಲೀನ್ ಆಯಿತು ಅಂತ ನನಗೆ ಅನ್ನಿಸಿದಾಗ, ಅವರು ಅದರ ಮೇಲೆ ಒಂದು ಬೆರಳು ನೀರು ಸವರಿದರು. ಕೆಲವು ಕಡೆ ನೀರು ತೆಳ್ಳಗೆ ಹರಡಿತು. ಕೆಲವು ಕಡೆ ಮಾತ್ರ ಗುಂಡು ಗುಂಡು ಹನಿಯಾಗಿ ನಿಂತಿತು. ಹನಿ ನಿಂತ ಕಡೆ ಕಣ್ಣಿಗೆ ಕಾಣದ ಸಿಲಿಕಾನ್ ಪೊರೆ ಇನ್ನೂ ಇದೆ ಅಂತ ಅರ್ಥ. ಅದನ್ನೂ ಕೆರೆದು, ಅಸಿಟೋನಿನಲ್ಲಿ ಒರೆಸಿ, ಒಣಗಿಸಿದ ಮೇಲೇ ಸಿಲಿಕಾನ್ ಹಾಕುವ ಗನ್ ಕೈಗೆ ತೆಗೆದುಕೊಂಡರು.

ಮೂಲೆಗಳೆಲ್ಲ ಗಟ್ಟಿಯಾಗಿದ್ದು ಪಟ್ಟಿ ಮಾತ್ರ ಒಡೆದಿದ್ದರೆ ಇಷ್ಟೆಲ್ಲ ಬೇಕಿಲ್ಲ. ಆದರೆ ಒಡೆದ ಪಟ್ಟಿಯನ್ನು ಕೂಡಿಸಬಾರದು, ಪೂರ್ತಿ ತೆಗೆಸಿ ಹೊಸದು ಹಾಕಿಸಬೇಕು. ಟ್ಯಾಂಕಿನ ಗಾಜಿಗಿಂತ ತೆಳ್ಳಗಿರುವ ಪಟ್ಟಿ ಬೇಡ. ಅಂಚಿಗೆ ಅಂಚು ಅಂಟಿಸದೆ, ಮುಂದಿನ, ಹಿಂದಿನ ಗಾಜುಗಳ ಮೇಲಂಚಿಗೆ ಉದ್ದಕ್ಕೂ ಅಂಟಿಸಿರುವ ಗಾಜಿನ ಪಟ್ಟಿಗಳ ಮೇಲೆ ಅಗಲವಾಗಿ ಕೂತು ಅಂಟಬೇಕು. ನೀರು ಖಾಲಿಯಾದಾಗ ಗಾಜು ಸಾಮಾನ್ಯವಾಗಿ ತಾನೇ ನೇರಕ್ಕೆ ಬರುತ್ತದೆ. ಆದರೂ ಎರಡು ಮರದ ತುಂಡು ಕೊಟ್ಟು ಬಡಗಿಗಳ ಉದ್ದ ಕ್ಲಾಂಪ್ ಹಾಕಿ, ತುದಿಯ ಅಗಲ ಮಧ್ಯದಲ್ಲೂ ಬರುವಷ್ಟು ಮಾತ್ರ, ಮೆಲ್ಲಗೆ ಬಿಗಿಸಬೇಕು. ಜೋರಾಗಿ ತಿರುಗಿಸಿದರೆ ಗಾಜು ಸೀಳುತ್ತದೆ.

ಸಿಲಿಕಾನ್ ಟ್ಯೂಬಿನ ಮೇಲೆ ಅಕ್ವೇರಿಯಂಗೆ ಅಂತ ಬರೆದಿರುವುದನ್ನೇ ತರಿಸಿ. ಬಾತ್‌ರೂಮಿಗೆ ಹಾಕುವ, ಫಂಗಸ್ ಬರದ ಹಾಗೆ ಮದ್ದು ಸೇರಿಸಿರುವ ಸಿಲಿಕಾನ್ ಮೀನಿಗೆ ವಿಷ. ಇದನ್ನು ನೀವೇ ಕಣ್ಣಾರೆ ಓದಿ ನೋಡಿ, ಅವರ ಮಾತು ನಂಬಿಕೊಂಡು ಕೂರಬೇಡಿ. ಮೇಲ್ಪದರ ಅರ್ಧ ಗಂಟೆಯೊಳಗೆ ಒಣಗಿದಂತೆ ಕಾಣುತ್ತದೆ, ಆದರೆ ಒಳಗೆ ದಿನಕ್ಕೆ 2-3 ಎಂಎಂ ಅಷ್ಟೇ ಗಟ್ಟಿಯಾಗುತ್ತಾ ಹೋಗುತ್ತದೆ. ಎರಡು ಗಾಜುಗಳ ನಡುವೆ ಸಿಕ್ಕ ಸಿಲಿಕಾನಿಗೆ ಗಾಳಿ ತಾಕುವುದು ಅಂಚಿನಲ್ಲಿ ಮಾತ್ರ, ಹಾಗಾಗಿ ಅದಕ್ಕೆ ಇನ್ನೂ ಜಾಸ್ತಿ ಸಮಯ ಬೇಕು. ಕನಿಷ್ಠ ಒಂದು ವಾರ ಬಿಡಿ. ಸಂಜೆಗೆ ತುಂಬಿಸಿ ಅನ್ನುವವರನ್ನು ಮನೆಗೇ ಸೇರಿಸಬೇಡಿ.

ರಿಪೇರಿಯವರು ಬರುವುದು ತಡವಾದರೆ ನೀರನ್ನು ಅರ್ಧಕ್ಕೆ ಇಳಿಸಿಟ್ಟು ಕಾಯಿರಿ. ನೀರು ಅರ್ಧವಾದರೆ ಗಾಜಿನ ಮೇಲಿನ ತಳ್ಳುವಿಕೆ ಕಾಲು ಭಾಗಕ್ಕೆ ಇಳಿಯುತ್ತದೆ, ನಮ್ಮ ಟ್ಯಾಂಕಿನ ಲೆಕ್ಕದಲ್ಲಿ 225 ಕೆಜಿ ಹೋಗಿ 56 ಕೆಜಿ. ಅದಕ್ಕೂ ಮುಂಚೆ ಹೀಟರ್ ಆಫ್ ಮಾಡಿ. ಉರಿಯುತ್ತಿರುವ ಹೀಟರ್ ನೀರಿನಿಂದ ಹೊರಗೆ ಬಂದರೆ ಒಡೆಯಬಹುದು.

ಸೆಕೆಂಡ್ ಹ್ಯಾಂಡ್ ಟ್ಯಾಂಕ್ ಕೊಳ್ಳುವವರಿಗೂ ಒಂದು ಮಾತು. ಅಡ್ಡಪಟ್ಟಿಯ ಮೇಲೆ ತೇಪೆ ಇದ್ದರೆ, ಪಟ್ಟಿ ಇದ್ದ ಜಾಗದಲ್ಲಿ ಬರೀ ಸಿಲಿಕಾನ್ ಗುರುತು ಉಳಿದಿದ್ದರೆ, ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ ಅನ್ನಿ. ಬೇಕೇ ಬೇಕು ಅಂದರೆ ಪಟ್ಟಿ ಹೊಸದು ಹಾಕಿಸಿ, ಅಂಗಳದಲ್ಲಿ ಸಮತಟ್ಟಾದ ಜಾಗದಲ್ಲಿ ಥರ್ಮೋಕೋಲ್ ಹಾಸಿ ಇಟ್ಟು, ಒಂದು ದಿನಕ್ಕೆ ಕಾಲು ಭಾಗದಂತೆ ನೀರು ತುಂಬಿಸುತ್ತಾ ಬನ್ನಿ. ಪ್ರತಿ ಸಲ ತುದಿಯಲ್ಲೂ ಮಧ್ಯದಲ್ಲೂ ಟೇಪ್ ಹಿಡಿಯಿರಿ. ಮಧ್ಯದ ಅಳತೆ ದಿನದಿಂದ ದಿನಕ್ಕೆ ಏರುತ್ತಾ ಹೋದರೆ ಅಲ್ಲಿಗೇ ನಿಲ್ಲಿಸಿ, ನೀರು ಚೆಲ್ಲಿಬಿಡಿ.