ಓದುವ ಹುಡುಗಿಗೆ ಕಿಂಡಲ್ ಪೇಪರ್‌ವೈಟ್: ಮೂರು ವರ್ಷ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಮನೆಯ ಮಗು ಮುಖ್ಯವಾಗಿ ಕನ್ನಡ ಪುಸ್ತಕಗಳನ್ನೇ ಓದುವುದಾದರೆ ಕಿಂಡಲ್ (ಅಮೆಜಾನ್ ಮಾರುವ ಇ-ಪುಸ್ತಕ ಓದುವ ಯಂತ್ರ) ಕೊಡಿಸಬೇಡಿ. ಇಂಗ್ಲಿಷ್ ಕಾದಂಬರಿಗಳ ಹುಚ್ಚು ಹಿಡಿದಿದ್ದರೆ ಧಾರಾಳವಾಗಿ ಕೊಡಿಸಿ. ಆದರೆ ಯಾವ ಮಾದರಿ ಎಂದು ತಲೆ ಕೆಡಿಸಿಕೊಳ್ಳುವ ಮೊದಲು, ಅದು ಯಾರ ಅಮೆಜಾನ್ ಖಾತೆಯಲ್ಲಿ ಇರಬೇಕು ಎಂಬುದನ್ನು ಮನೆಯವರೆಲ್ಲ ಕುಳಿತು ತೀರ್ಮಾನಿಸಿ. ಅಂಗಡಿಯವರಾಗಲಿ ಯೂಟ್ಯೂಬ್‌ನ ವಿಮರ್ಶಕರಾಗಲಿ ಈ ಮಾತನ್ನು ಎತ್ತುವುದೇ ಇಲ್ಲ. ಅವರದೆಲ್ಲ ಪರದೆ, ಬ್ಯಾಟರಿ, ತೂಕಗಳ ಕಥೆ.

ನಾನು ಕೊಡಿಸಿದ್ದು ಅಕ್ಕನ ಮಗಳಿಗೆ, 2022ರಲ್ಲಿ. ಆಗ ಅವಳು ಎಂಟನೆಯ ತರಗತಿ, ಈಗ ಪಿಯುಸಿ. ಅವರ ಮನೆ ಸಾಗರದಲ್ಲಿ, ನಾನಿರುವುದು ಬೆಂಗಳೂರಿನಲ್ಲಿ. ಊರಿಗೆ ಹೋಗುವಾಗಲೆಲ್ಲ ಚರ್ಚ್ ಸ್ಟ್ರೀಟ್‌ನ ಹಳೆ ಪುಸ್ತಕದ ಅಂಗಡಿಗಳಿಂದ ಒಂದು ಚೀಲ ಹೊತ್ತುಕೊಂಡು ಹೋಗುವುದು ನನ್ನ ರೂಢಿಯಾಗಿತ್ತು. ನಾನು ವಾಪಸ್ಸು ಬೆಂಗಳೂರಿನ ಬಸ್ ಹತ್ತುವ ಹೊತ್ತಿಗೆ ಅರ್ಧ ಚೀಲ ಖಾಲಿಯಾಗಿರುತ್ತಿತ್ತು. ಜೊತೆಗೆ ಮಲೆನಾಡಿನ ಮಳೆಗಾಲ ಬೇರೆ. ಆಷಾಢ ಮುಗಿಯುವಷ್ಟರಲ್ಲಿ ಕಪಾಟಿನ ಪುಸ್ತಕಗಳ ಬೆನ್ನಿಗೆ ಬೂಷ್ಟು ಹಿಡಿದಿರುತ್ತದೆ, ಸಂಜೆಯಾದರೆ ಕರೆಂಟ್ ಇರುವುದಿಲ್ಲ. ಇಂಥ ಮನೆಗೆ ಇ-ರೀಡರ್ ಒಳ್ಳೆಯದೆಂದು ನನಗನ್ನಿಸಿತು. ಭಾವ ಮಾತ್ರ ಒಪ್ಪಲಿಲ್ಲ. "ಮೊಬೈಲ್ ಬೇಡ ಎಂದು ಹೇಳಿ ಹೇಳಿ ಸಾಕಾಗಿದೆ, ನೀನು ಇನ್ನೊಂದು ತರುತ್ತೀಯಲ್ಲ ಮಾರಾಯ" ಎಂದರು.

ಭಾವನ ಆಕ್ಷೇಪಣೆಗೆ ಉತ್ತರ ಆ ಯಂತ್ರದ ಪರದೆಯಲ್ಲೇ ಇದೆ. ಮೊಬೈಲಿನ ಪರದೆ ಕಣ್ಣಿಗೆ ನೇರವಾಗಿ ಬೆಳಕು ಬಿಡುತ್ತದೆ. ಕಿಂಡಲ್‌ನದು ಇ-ಇಂಕ್ ಪರದೆ, ಅದರೊಳಗೆ ಕೂದಲೆಳೆಯಷ್ಟು ಸಣ್ಣ ಗುಳಿಗೆಗಳಿರುತ್ತವೆ. ಅವುಗಳಲ್ಲಿ ಕಪ್ಪು ಮತ್ತು ಬಿಳಿ ಕಣಗಳು. ವಿದ್ಯುತ್ತಿನ ಒಂದು ಸಣ್ಣ ತಳ್ಳುವಿಕೆಗೆ ಯಾವುದಾದರೊಂದು ಬಣ್ಣ ಮೇಲೆ ಬಂದು ಹಾಗೆಯೇ ನಿಂತುಬಿಡುತ್ತದೆ. ಅಕ್ಷರ ಮೂಡುವುದು ಹೀಗೆ. ಪುಟ ತಿರುವಿದಾಗ ಮಾತ್ರ ಪರದೆಗೆ ವಿದ್ಯುತ್ ಬೇಕು, ಅದಕ್ಕೇ ಬ್ಯಾಟರಿ ವಾರಗಟ್ಟಲೆ ಬರುತ್ತದೆ. ಈ ಪರದೆ ನಿಧಾನಿ. ಪುಟ ತಿರುವಿದರೆ ಕೆಲವೊಮ್ಮೆ ಕಪ್ಪಗೆ ಮಿನುಗಿ ಆಮೇಲೆ ಅಕ್ಷರ ತೋರಿಸುತ್ತದೆ. ಇದರಲ್ಲಿ ರೀಲ್ಸ್ ನೋಡಲು ಯಾರಿಗೂ ತಾಳ್ಮೆ ಇರುವುದಿಲ್ಲ. ಹದಿಹರೆಯದವರಿಗೆ ಕೊಡುವ ಯಂತ್ರದಲ್ಲಿ ನಿಧಾನವೇ ಒಂದು ಗುಣ ಎಂದು ಭಾವನಿಗೆ ಹೇಳಿದೆ. ತಲೆಯಾಡಿಸಿದರು, ಒಪ್ಪಿದರೋ ಬಿಟ್ಟರೋ ತಿಳಿಯಲಿಲ್ಲ.

ಮಾದರಿಯ ಆಯ್ಕೆ ಕಷ್ಟವಾಗಲಿಲ್ಲ. ಆಗ ಸಿಗುತ್ತಿದ್ದ ಸಾದಾ ಕಿಂಡಲ್‌ನ ಪರದೆಯಲ್ಲಿ ಒಂದು ಇಂಚಿಗೆ 167 ಚುಕ್ಕಿಗಳು, ಪೇಪರ್‌ವೈಟ್‌ನಲ್ಲಿ 300. ಅಕ್ಷರದ ಅಂಚು ಎಷ್ಟು ಚೂಪಾಗಿರುತ್ತದೆ ಎನ್ನುವುದು ಇದರ ಮೇಲೆ ನಿಂತಿದೆ. 2021ರಲ್ಲಿ ಬಂದ ಪೇಪರ್‌ವೈಟ್‌ಗೆ 6.8 ಇಂಚಿನ ಪರದೆ, ಹಳದಿ ಛಾಯೆಗೆ ತಿರುಗಿಸಬಹುದಾದ ಬೆಳಕು, ಸಿ-ಟೈಪ್ ಚಾರ್ಜರ್, ನೀರಿಗೆ ಬಿದ್ದರೂ ಕೆಡದ ರಕ್ಷಣೆ ಎಲ್ಲ ಇದ್ದವು. ಬೆಲೆ 13,999 ರೂಪಾಯಿ. ಹುಡುಗಿಗೆ ಕೊಡುವ ವಸ್ತುವಿಗೆ ಇದು ಹೆಚ್ಚಾಯಿತು ಎಂದು ಅಕ್ಕ ಗೊಣಗಿದಳು, ನಿಜವೂ ಹೌದು. ಮಳೆಯಲ್ಲಿ ಶಾಲೆಯಿಂದ ನಡೆದು ಬರುವ ಹುಡುಗಿಯ ಚೀಲದಲ್ಲಿ ಏನು ಒಣಗಿರುತ್ತದೆ ಎನ್ನುವುದನ್ನು ನೆನೆಸಿಕೊಂಡು ನಾನು ಆ ಹಣ ಕೊಟ್ಟೆ. ಇವತ್ತಿಗೂ ಅದು ದಂಡವಾಯಿತು ಅನ್ನಿಸಿಲ್ಲ. ಸಾದಾ ಮಾದರಿಯ ಪರದೆಯೂ 2022ರ ಕೊನೆಯಲ್ಲಿ 300 ಚುಕ್ಕಿಗೆ ಏರಿತು. ಹಾಗಾಗಿ ಈಗ ಕೊಳ್ಳುವವರಿಗೆ ಲೆಕ್ಕವೇ ಬೇರೆ. ನೀರಿನ ರಕ್ಷಣೆ, ಹಳದಿ ಬೆಳಕು ಬೇಡ ಎನ್ನುವವರಿಗೆ ಸಾದಾ ಕಿಂಡಲ್ ಸಾಕು.

ಇನ್ನು ಖಾತೆಯ ವಿಷಯ. ಕಿಂಡಲ್ ಯಾರ ಖಾತೆಗೆ ನೋಂದಣಿಯಾಗುತ್ತದೋ ಪುಸ್ತಕಗಳೆಲ್ಲ ಆ ಖಾತೆಯ ಸ್ವತ್ತು. ಮಾವನೋ ಅಪ್ಪನೋ ತನ್ನ ಖಾತೆಯಲ್ಲಿ ಹಾಕಿಕೊಟ್ಟರೆ ಆ ಖಾತೆಯಲ್ಲಿ ಅವರು ಕೊಂಡ ಪುಸ್ತಕಗಳ ಪಟ್ಟಿ ಪೂರ್ತಿ ಮಗುವಿಗೆ ಕಾಣಿಸುತ್ತದೆ. ನನ್ನ ಪಟ್ಟಿಯಲ್ಲಿ ಹದಿಮೂರರ ಹುಡುಗಿ ಓದಬಾರದ್ದು ಹೆಚ್ಚೇನಿಲ್ಲ, ಆದರೂ ಕೆಲವು ಇವೆ. ಇಬ್ಬರೂ ಒಂದೇ ಪುಸ್ತಕ ಓದಲು ಶುರುಮಾಡಿದರೆ ಹಿಂದಿದ್ದವರನ್ನು 'ಇಷ್ಟನೆಯ ಪುಟದವರೆಗೆ ಓದಾಗಿದೆ, ಅಲ್ಲಿಗೆ ಹೋಗಲೇ?' ಎಂದು ಯಂತ್ರ ಕೇಳುತ್ತದೆ. ಅದನ್ನು ಹೇಗಾದರೂ ಸಹಿಸಿಕೊಳ್ಳಬಹುದು. ದೊಡ್ಡ ತೊಡಕು ಮುಂದೆ ಬರುತ್ತದೆ. ಒಂದು ಖಾತೆಯಲ್ಲಿ ಕೊಂಡ ಪುಸ್ತಕವನ್ನು ಇನ್ನೊಂದು ಖಾತೆಗೆ ದಾಟಿಸಲು ಬರುವುದಿಲ್ಲ. ಹುಡುಗಿ ದೊಡ್ಡವಳಾಗಿ, ಕೆಲಸಕ್ಕೆ ಸೇರಿ, ತನ್ನದೇ ಖಾತೆ ಮಾಡಿಕೊಂಡಾಗ ಅಷ್ಟು ವರ್ಷ ಕೂಡಿಟ್ಟ ಪುಸ್ತಕಗಳು ಮಾವನ ಬಳಿಯೇ ಉಳಿಯುತ್ತವೆ.

ಅದಕ್ಕಾಗಿ ನಾವು ಅವಳಿಗೆಂದೇ ಹೊಸ ಇಮೇಲ್ ತೆರೆದು, ಹದಿನೆಂಟು ತುಂಬದ ಕಾರಣ ಅಕ್ಕನ ಹೆಸರಿನಲ್ಲಿ ಪ್ರತ್ಯೇಕ ಖಾತೆ ಮಾಡಿದೆವು. ಕಾರ್ಡಿನ ಹಣ ಅಕ್ಕನ ಕೈಯಲ್ಲಿ, ಪುಸ್ತಕ ಹುಡುಗಿಯ ಖಾತೆಯಲ್ಲಿ. ಪಾಲಕರ ನಿಯಂತ್ರಣಕ್ಕೆ ಒಂದು ಪಿನ್ ಹಾಕಿದರೆ ಅಂಗಡಿಯನ್ನೂ ಬ್ರೌಸರನ್ನೂ ಮುಚ್ಚಿಬಿಡಬಹುದು. ಕಿಂಡಲ್‌ನಲ್ಲಿ ಬ್ರೌಸರ್ ಇದೆ ಎನ್ನುವುದೇ ಬಹಳ ಜನರಿಗೆ ಗೊತ್ತಿಲ್ಲ. ಕಪ್ಪುಬಿಳುಪಿನ ಕುಂಟು ಬ್ರೌಸರ್, ಆದರೂ ಬ್ರೌಸರ್. ಇದೆಲ್ಲ ಮುಗಿದ ಮೇಲೆ ಹುಡುಗಿ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದ್ದು ಒಂದೇ ಪ್ರಶ್ನೆ: "ಮಾವ, ನಾನು ಗೆರೆ ಎಳೆದ ಸಾಲುಗಳು ಅಮ್ಮನಿಗೆ ಕಾಣಿಸುತ್ತವೆಯೇ?" ಕಾಣಿಸುತ್ತವೆ. ಖಾತೆಯ ಪಾಸ್‌ವರ್ಡ್ ಇದ್ದವರು ಯಾವ ಪುಸ್ತಕದ ಯಾವ ಸಾಲಿಗೆ ಗುರುತು ಹಾಕಿದ್ದಾಳೆ ಎಂದು ನೋಡಬಹುದು. ಕಾಗದದ ಪುಸ್ತಕವನ್ನು ಹಾಸಿಗೆಯ ಕೆಳಗೆ ಬಚ್ಚಿಡಬಹುದು, ಇದನ್ನು ಬಚ್ಚಿಡಲಾಗದು. ತಾನು ಆ ಪುಟ ತೆರೆಯುವುದಿಲ್ಲವೆಂದು ಅಕ್ಕ ಮಾತು ಕೊಟ್ಟಳು. ನನಗೆ ತಿಳಿದಂತೆ ಉಳಿಸಿಕೊಂಡಿದ್ದಾಳೆ. ಈ ಮಾತುಕತೆ ನಿಮ್ಮ ಮನೆಯಲ್ಲೂ ಆಗಬೇಕು, ಉಡುಗೊರೆಯ ಕಾಗದ ಬಿಚ್ಚುವ ಮೊದಲೇ ಆದರೆ ಒಳ್ಳೆಯದು.

ಓದಿನ ಸುಖದ ಬಗ್ಗೆ ತಕರಾರಿಲ್ಲ. 205 ಗ್ರಾಂ ತೂಕ, ಮಲಗಿಕೊಂಡು ಒಂದೇ ಕೈಯಲ್ಲಿ ಹಿಡಿಯಬಹುದು. ಕರೆಂಟ್ ಹೋದರೆ ಓದು ನಿಲ್ಲುವುದಿಲ್ಲ. ರಾತ್ರಿ ಬಾಗಿಲ ಸಂದಿಯಲ್ಲಿ ಬೆಳಕು ಕಂಡರೆ ಗದರಲು ಮೊದಲು ಅಕ್ಕನಿಗೆ ಅವಕಾಶವಿತ್ತು. ಈಗ ಹೊದಿಕೆಯೊಳಗಿನ ಮಂದ ಬೆಳಕು ಹೊರಗೆ ಬರುವುದೇ ಇಲ್ಲ ಎನ್ನುವುದು ಅವಳ ದೂರು. ಹಕ್ಕುಸ್ವಾಮ್ಯ ಮುಗಿದ ಇಂಗ್ಲಿಷ್ ಪುಸ್ತಕಗಳು ಪ್ರಾಜೆಕ್ಟ್ ಗುಟನ್‌ಬರ್ಗ್‌ನಲ್ಲಿ ರಾಶಿ ರಾಶಿ ಉಚಿತವಾಗಿ ಸಿಗುತ್ತವೆ. 2022ರಿಂದ ಇಪಬ್ ಎಂಬ ಇ-ಪುಸ್ತಕದ ಕಡತಗಳನ್ನು ನೇರವಾಗಿ ಇಮೇಲ್ ಮೂಲಕ ಕಿಂಡಲ್‌ಗೆ ಕಳಿಸಲು ಬರುತ್ತದೆ. ನಾನು ಬೆಂಗಳೂರಿನಲ್ಲಿ ಕುಳಿತು ಕಳಿಸುತ್ತೇನೆ, ಸಾಗರದಲ್ಲಿ ವೈಫೈ ಸಿಕ್ಕ ಕೂಡಲೇ ಪುಸ್ತಕ ಇಳಿಯುತ್ತದೆ. ಚೀಲ ಹೊರುವುದು ತಪ್ಪಿದೆ.

ಹುಡುಗಿಗೆ ಬಹಳ ಹಿಡಿಸಿದ್ದು ನಿಘಂಟು. ಪದದ ಮೇಲೆ ಬೆರಳೊತ್ತಿದರೆ ಅರ್ಥ ಬರುತ್ತದೆ, ಹಾಗೆ ನೋಡಿದ ಪದಗಳೆಲ್ಲ ಒಂದು ಪಟ್ಟಿಯಲ್ಲಿ ಉಳಿಯುತ್ತವೆ. ಅರ್ಥ ಬರುವುದು ಇಂಗ್ಲಿಷಿನಲ್ಲೇ ಆದ್ದರಿಂದ, ಆ ಅರ್ಥಕ್ಕೆ ಮತ್ತೊಂದು ಅರ್ಥ ಹುಡುಕಬೇಕಾದ ಪ್ರಸಂಗವೂ ಬರುತ್ತದೆ. ಇದಕ್ಕೆ ಅವಳೇ ಉಪಾಯ ಮಾಡಿಕೊಂಡಿದ್ದಾಳೆ. ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಎಡಕ್ಕೆ ಆ ಪದ, ಬಲಕ್ಕೆ ಕನ್ನಡದಲ್ಲಿ ತನ್ನದೇ ಅರ್ಥ. ಕೆಲವು ಕಡೆ ಅರ್ಥದ ಬದಲು 'ಅಜ್ಜಿ ಸಿಟ್ಟು ಬಂದಾಗ ಮಾಡುವ ಮುಖ' ಎಂದು ಬರೆದಿದ್ದಾಳೆ. ಯಾವ ನಿಘಂಟಿನಲ್ಲೂ ಅಷ್ಟು ಸ್ಪಷ್ಟವಾಗಿಲ್ಲ.

ಕನ್ನಡಕ್ಕೆ ಬಂದರೆ ಬೇಸರವಾಗುತ್ತದೆ. 2016ರ ಡಿಸೆಂಬರಿನಲ್ಲಿ ಕಿಂಡಲ್ ಭಾರತೀಯ ಭಾಷೆಗಳ ಪುಸ್ತಕಗಳಿಗೆ ಬಾಗಿಲು ತೆರೆದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಒಳಗೆ ಹೋದವು. ಕನ್ನಡ ಆ ಪಟ್ಟಿಯಲ್ಲಿ ಇರಲಿಲ್ಲ. ಕನ್ನಡದ ಇ-ಪುಸ್ತಕಗಳಿಗೆ ಮೈಲ್ಯಾಂಗ್‌ನಂಥ ಆ್ಯಪ್ ಇದೆ, ಒಳ್ಳೆಯ ಪುಸ್ತಕಗಳೂ ಇವೆ, ಆದರೆ ಅದು ಮೊಬೈಲಿನ ಆ್ಯಪ್. ಕಿಂಡಲ್‌ನಲ್ಲಿ ಹೊರಗಿನ ಆ್ಯಪ್ ಹಾಕಲು ಬರುವುದಿಲ್ಲ. ಆಂಡ್ರಾಯ್ಡ್ ಇರುವ ಬೂಕ್ಸ್‌ನಂಥ ಇ-ರೀಡರ್ ಕೊಂಡರೆ ಅಂಥ ಆ್ಯಪ್ ಹಾಕಿಕೊಳ್ಳಬಹುದು. ಹಾಗೆ ಮಾಡಿದರೆ ಅದೇ ದಾರಿಯಲ್ಲಿ ವಾಟ್ಸ್ಆ್ಯಪ್ ಕೂಡ ಬರುತ್ತದೆ, ಭಾವನ ಮಾತು ನಿಜವಾಗುತ್ತದೆ. ಸ್ವಂತಕ್ಕೆ ಕೊಳ್ಳುವ ದೊಡ್ಡವರಿಗೆ ನಾನು ಬೂಕ್ಸ್ ಎನ್ನುತ್ತೇನೆ. ಹದಿಮೂರರ ಮಗುವಿಗೆ ಎನ್ನಲಾರೆ.

ಇಂಟರ್‌ನೆಟ್ ಆರ್ಕೈವ್‌ನಲ್ಲಿ ಸ್ಕ್ಯಾನ್ ಮಾಡಿಟ್ಟ ಹಳೆಯ ಕನ್ನಡ ಪುಸ್ತಕಗಳು ಸಾಕಷ್ಟಿವೆ. ಅವುಗಳ ಪಿಡಿಎಫ್ ಹಾಕಿದರೆ ಇಡೀ ಪುಟ 6.8 ಇಂಚಿಗೆ ಕುಗ್ಗುತ್ತದೆ, ಅಕ್ಷರವನ್ನಷ್ಟೇ ದೊಡ್ಡದು ಮಾಡಲು ಬರುವುದಿಲ್ಲ. ಮೊದಲು ಏಟು ಬೀಳುವುದು ಒತ್ತಕ್ಷರಗಳಿಗೆ. ಸಾಲಿನ ಕೆಳಗಿನ ಆ ಸಣ್ಣ ಸುರುಳಿಗಳು ಮಸಿಯ ಚುಕ್ಕೆಗಳಾಗಿ, ತವೊತ್ತು ಯಾವುದು ನವೊತ್ತು ಯಾವುದು ಎಂದು ಊಹಿಸಿಕೊಂಡು ಓದಬೇಕು. ಯಂತ್ರವನ್ನು ಅಡ್ಡ ತಿರುಗಿಸಿ ಪುಟವನ್ನು ಭಾಗ ಭಾಗವಾಗಿ ನೋಡಿದರೆ ಸ್ವಲ್ಪ ವಾಸಿ.

ನಾನು ಕಂಡುಕೊಂಡ ದಾರಿ ಬೇರೆ. ವಿಕಿಸೋರ್ಸ್‌ನಂಥ ಕಡೆ ಟೈಪಾಗಿರುವ ಕನ್ನಡ ಪಠ್ಯ ಸಿಕ್ಕರೆ ಲಿಬ್ರೆ ಆಫೀಸ್ ಎಂಬ ಬರಹದ ತಂತ್ರಾಂಶಕ್ಕೆ ಹಾಕಿ, ಪುಟದ ಅಳತೆಯನ್ನು ಅಗಲ 10.5 ಸೆಂಟಿಮೀಟರ್, ಎತ್ತರ 14 ಸೆಂಟಿಮೀಟರ್ ಎಂದು ಬದಲಿಸುತ್ತೇನೆ. ಹೆಚ್ಚುಕಡಿಮೆ ಪರದೆಯದೇ ಅಳತೆ. ಅಂಚಿನ ಜಾಗ ಕಡಿಮೆ ಮಾಡಿ, ಅಕ್ಷರ 14 ಪಾಯಿಂಟಿಗೆ ಇಟ್ಟು, ಪಿಡಿಎಫ್ ಮಾಡಿ ಕಳಿಸುತ್ತೇನೆ. ಫಾಂಟ್ ಕಡತದ ಒಳಗೇ ಇರುವುದರಿಂದ ಯಂತ್ರಕ್ಕೆ ಕನ್ನಡ ಬರುತ್ತದೆಯೋ ಇಲ್ಲವೋ ಎಂಬ ಚಿಂತೆಯಿಲ್ಲ, ಒತ್ತು ದೀರ್ಘ ಎಲ್ಲ ಸರಿಯಾಗಿ ಕೂರುತ್ತವೆ. ವಚನಗಳನ್ನು ಹೀಗೆ ಕಳಿಸಿದ್ದೆ, ಪುಟಕ್ಕೊಂದರಂತೆ. ಚೆನ್ನಾಗಿಯೇ ಬಂತು. ಆದರೆ ಇಂದಿನ ಲೇಖಕರ ಕಾದಂಬರಿ ಬೇಕೆಂದರೆ ಈ ಉಪಾಯ ನಡೆಯುವುದಿಲ್ಲ. ಅದಕ್ಕೆ ಕಾಗದವೇ ಗತಿ, ಅವಳ ಕನ್ನಡದ ಓದು ಇಂದಿಗೂ ಕಾಗದದಲ್ಲೇ.

ಪಠ್ಯಪುಸ್ತಕ ಓದಲು ಇದನ್ನು ಕೊಳ್ಳಬೇಡಿ. ವಿಜ್ಞಾನದ ಪುಸ್ತಕದ ಬಣ್ಣದ ಚಿತ್ರಗಳು ಬೂದಿಬಣ್ಣಕ್ಕೆ ತಿರುಗುತ್ತವೆ, ಕೋಷ್ಟಕಗಳನ್ನು ಓದುವುದೇ ಕಷ್ಟ.

ಪಿಯುಸಿಗೆ ಹಾಸ್ಟೆಲ್ ಸೇರಿದಾಗ ಒಂದು ಪೇಚು ಎದುರಾಯಿತು. ಅಲ್ಲಿ ಮೊಬೈಲ್, ಟ್ಯಾಬ್ ಎರಡೂ ನಿಷಿದ್ಧ. ವಾರ್ಡನ್ ಇದನ್ನೂ ಟ್ಯಾಬ್ ಎಂದೇ ಬಗೆದು ಕಚೇರಿಯ ಬೀರುವಿನಲ್ಲಿಟ್ಟರು. ಅಕ್ಕ ಹೋಗಿ ತೋರಿಸಿದಾಗ ಆಕೆ ಪರದೆಯ ಮೂಲೆಮೂಲೆಯನ್ನೂ ಒತ್ತಿ ನೋಡಿ, "ಇದರಲ್ಲಿ ಇಂಟರ್‌ನೆಟ್ ಇಲ್ಲವೇ?" ಎಂದು ಕೇಳಿದರಂತೆ. ಪ್ರಶ್ನೆಯಲ್ಲಿ ತಪ್ಪಿಲ್ಲ, ವೈಫೈ ಇದ್ದರೆ ಇದೆ. ಪಿನ್ ಹಾಕಿ ಬ್ರೌಸರ್ ಮುಚ್ಚಿರುವುದನ್ನು ತೋರಿಸಿದ ಮೇಲೆ ಭಾನುವಾರಕ್ಕೆ ಮಾತ್ರ ಒಪ್ಪಿಗೆ ಸಿಕ್ಕಿತು. ಹಾಸ್ಟೆಲಿಗೆ ಕಳಿಸುವ ಯೋಚನೆ ಇರುವವರು ಮೊದಲೇ ವಿಚಾರಿಸಿಕೊಳ್ಳಿ.

ಬಾಳಿಕೆ ಹೇಗೆ? ಯಂತ್ರ ಗಟ್ಟಿಯಾಗಿದೆ. ದಿನಕ್ಕೆ ಅರ್ಧ ಗಂಟೆ ಓದಿದರೆ ಬ್ಯಾಟರಿ ಹತ್ತು ವಾರ ಬರುತ್ತದೆ ಎನ್ನುತ್ತದೆ ಕಂಪನಿ. ಇವಳಂತೆ ಓದುವವರಿಗೆ ಎರಡು ಮೂರು ವಾರ, ಈಗ ಇನ್ನೂ ಸ್ವಲ್ಪ ಕಡಿಮೆ. ಹೊರಗಿನಿಂದ ತರಿಸಿದ ಅಗ್ಗದ ಕವರಿನ ಆಯಸ್ಕಾಂತ ಒಂದೇ ಮಳೆಗಾಲಕ್ಕೆ ಕಿತ್ತುಬಂತು. ಎಚ್ಚರವಿರಬೇಕಾದದ್ದು ನೀರಿನ ಬಗ್ಗೆ ಅಲ್ಲ, ಒತ್ತಡದ ಬಗ್ಗೆ. ಪರದೆಯ ಒಳಪದರದಲ್ಲಿ ತೆಳು ಗಾಜಿದೆ. ಶಾಲೆಯ ಚೀಲದಲ್ಲಿ ಸ್ಟೀಲ್ ಡಬ್ಬಿಯ ಪಕ್ಕ ಇಟ್ಟು ಮೇಲೆ ಯಾರಾದರೂ ಕುಳಿತರೆ, ಮೇಲ್ಮೈಗೆ ಗೀರೂ ಬೀಳದೆ ಒಳಗೆ ಒಡೆಯಬಹುದು. ಒಡೆದರೆ ದುರಸ್ತಿಗೆ ಹೋಗುವುದಕ್ಕಿಂತ ಹೊಸದೇ ವಾಸಿ ಎನ್ನುವಂತಾಗುತ್ತದೆ. ಡಬ್ಬಿ ಒಂದು ಖಾನೆ, ಕಿಂಡಲ್ ಇನ್ನೊಂದು ಖಾನೆ ಎಂದು ಅಕ್ಕ ಮೊದಲ ದಿನವೇ ಕಟ್ಟಪ್ಪಣೆ ಮಾಡಿದ್ದಳು.

ಹುಡುಗಿಗೆ ನಿಜವಾಗಿ ನಷ್ಟವೆನಿಸಿರುವುದು ಗೆಳತಿಯರಿಗೆ ಪುಸ್ತಕ ಕೊಡಲಾಗದ್ದು. ಇ-ಪುಸ್ತಕಕ್ಕೆ ಹಣ ಕೊಟ್ಟರೂ ನಮಗೆ ಸಿಗುವುದು ಓದುವ ಪರವಾನಗಿ ಮಾತ್ರ. 2025ರ ಫೆಬ್ರುವರಿ 26ರಿಂದ, ಕೊಂಡ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿ ಕೇಬಲ್ ಮೂಲಕ ಹಾಕಿಕೊಳ್ಳುವ ಸೌಲಭ್ಯವನ್ನೂ ಅಮೆಜಾನ್ ತೆಗೆದುಹಾಕಿದೆ. ಹೀಗಾಗಿ ಮನೆಯಲ್ಲಿ ಈಗ ಒಂದು ಪದ್ಧತಿ ಬೆಳೆದಿದೆ: ಮೊದಲ ಓದು ಕಿಂಡಲ್‌ನಲ್ಲಿ, ಬಹಳ ಇಷ್ಟವಾದದ್ದರ ಕಾಗದದ ಪ್ರತಿ ಆಮೇಲೆ, ಅದು ಗೆಳತಿಯರ ನಡುವೆ ತಿರುಗಲು. ಮಾವನ ಜೇಬಿಗೆ ಎರಡು ಸಲ ಕತ್ತರಿ.

ಈಗ ಕೊಳ್ಳುವವರಿಗೆ 2025ರಲ್ಲಿ ನಮ್ಮಲ್ಲಿ ಬಿಡುಗಡೆಯಾದ 7 ಇಂಚಿನ ಹೊಸ ಪೇಪರ್‌ವೈಟ್ ಇದೆ, ಬಿಡುಗಡೆಯ ಬೆಲೆ 16,999 ರೂಪಾಯಿ. ಪುಟ ಬೇಗ ತಿರುಗುತ್ತದೆ ಎನ್ನುವುದು ಅದರ ಹೆಚ್ಚುಗಾರಿಕೆ, ಕಾದಂಬರಿ ಓದುವವರಿಗೆ ಅದರಿಂದ ಆಗುವ ಲಾಭ ಅಷ್ಟಕ್ಕಷ್ಟೆ. ಹಳೆಯ ಮಾದರಿ ಒಳ್ಳೆಯ ಸ್ಥಿತಿಯಲ್ಲಿ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಮಾರುವವರು ತಮ್ಮ ಖಾತೆಯಿಂದ ನೋಂದಣಿ ತೆಗೆದಿದ್ದಾರೆಯೇ ಎಂದು ಅವರ ಎದುರಿನಲ್ಲೇ ನೋಡಿ, ಆಮೇಲೆ ಹಣ ಕೊಡಿ. ಉಳಿದ ಹಣವನ್ನು ಪುಸ್ತಕಗಳಿಗೆಂದು ಎತ್ತಿಡಿ. ಓದುವ ಮಗುವಿಗೆ ಅದು ಎರಡು ತಿಂಗಳೂ ಬರುವುದಿಲ್ಲ.